ಎರಡು ಸಲ ಹೇಳಿದ ಒಂದೇ ಕಥೆ: ಮೆಕ್ಸಿಕೋದ ಮೊದಲ ಭಯಾನಕ ಚಿತ್ರಗಳು

ಸಮಯ ಕಡಿಮೆ ಇದೆ, ಹಾಗಾಗಿ ಒಂದೇ ಪ್ರಶ್ನೆ ಎತ್ತಿಕೊಳ್ತೇನೆ. ಮೆಕ್ಸಿಕೋದ 1930ರ ದಶಕದ ಭಯಾನಕ ಚಿತ್ರಗಳನ್ನು ಜರ್ಮನ್ ಅಭಿವ್ಯಕ್ತಿವಾದದ ನಕಲು ಅಂತ ಬದಿಗಿಡುವುದುಂಟು. ಅದು ಸರಿಯೇ?

1933ರಲ್ಲಿ ರಾಮೋನ್ ಪಿಯೋನ್ 'ಲಾ ಯೊರೋನಾ' ತೆಗೆದರು. ಮಕ್ಕಳಿಗಾಗಿ ಅಳುತ್ತಾ ಅಲೆಯುವ ಹೆಣ್ಣಿನ ದಂತಕಥೆ ಅಲ್ಲಿನ ಜನರದ್ದೇ, ಹೊರಗಿಂದ ತಂದದ್ದಲ್ಲ. ಮರುವರ್ಷ ಫೆರ್ನಾಂದೊ ದೆ ಫುಯೆಂತೆಸ್ 'ಎಲ್ ಫಂತಾಸ್ಮಾ ದೆಲ್ ಕೊನ್ವೆಂತೊ' ಮಾಡಿದರು. ಗಂಡ, ಹೆಂಡತಿ, ಅವರ ಗೆಳೆಯ ರಾತ್ರಿ ದಾರಿ ತಪ್ಪಿ ಒಂದು ಮಠ ಸೇರುತ್ತಾರೆ. ಗೆಳೆಯನಿಗೆ ಆಕೆಯ ಮೇಲೆ ಆಸೆ. ಸ್ನೇಹಿತನ ಹೆಂಡತಿಯನ್ನು ಬಯಸಿ ಕೆಟ್ಟ ಸನ್ಯಾಸಿಯೊಬ್ಬನ ಕಥೆ ಅಲ್ಲಿ ಅವನ ಕಿವಿಗೆ ಬೀಳುತ್ತದೆ. ನೋಡಿ, ಇಲ್ಲಿ ದೆವ್ವ ಹೊರಗಿನದಲ್ಲ. ಚಿತ್ರೀಕರಣ ನಡೆದದ್ದು ತೆಪೊತ್ಸೊತ್ಲಾನಿನ ಹಳೆಯ ಮಠದ ಕಟ್ಟಡದಲ್ಲಿ. ಫುಯೆಂತೆಸ್ ಬೆಚ್ಚಿಬೀಳಿಸುವುದಿಲ್ಲ, ಉದ್ದುದ್ದ ಪಡಸಾಲೆ, ಮೌನ, ನೆರಳು ಇಷ್ಟರಲ್ಲೇ ಕಾಯಿಸುತ್ತಾರೆ.

ಅದೇ 1934ರ 'ದೋಸ್ ಮೊಂಹೆಸ್' ಹುವಾನ್ ಬುಸ್ತಿಯೊ ಓರೊ ಅವರದ್ದು. ಹಾವಿಯೆರ್, ಹುವಾನ್ ಎಂಬ ಇಬ್ಬರು ಸನ್ಯಾಸಿಗಳು ಆನಾ ಎಂಬವಳ ಸಾವಿನ ಕಥೆಯನ್ನು ಬೇರೆಬೇರೆಯಾಗಿ ಹೇಳುತ್ತಾರೆ. ಹೇಳುವವನ ಉಡುಪು ಬಿಳುಪು, ಎದುರಾಳಿಯದು ಕಪ್ಪು. ಎರಡನೆಯವನ ಸರದಿ ಬಂದಾಗ ಬಣ್ಣ ಅದಲುಬದಲು! ಕುರೊಸಾವಾ ಅವರ 'ರಾಶೊಮನ್' ಬಂದದ್ದು 1950ರಲ್ಲಿ ಅನ್ನೋದು ನೆನಪಿರಲಿ. ಆಗುಸ್ತಿನ್ ಹಿಮೆನೆಸ್ ಅವರ ಕ್ಯಾಮೆರಾದ ಓರೆ ಕೋನಗಳಲ್ಲಿ ಜರ್ಮನ್ ಪ್ರಭಾವ ಖಂಡಿತ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಆ ಶೈಲಿಗೆ ಇಲ್ಲಿ ಬೇರೆ ಕೆಲಸವಿದೆ. ನಾವು ನೋಡುತ್ತಿರುವುದು ನಡೆದದ್ದನ್ನಲ್ಲ, ಒಬ್ಬನ ತಪ್ಪೊಪ್ಪಿಗೆಯನ್ನು ಅಂತ ಅದು ಎಚ್ಚರಿಸುತ್ತದೆ. ತಪ್ಪೊಪ್ಪಿಗೆ ಹೇಳಿಕೊಳ್ಳುವ ಕ್ಯಾಥೊಲಿಕ್ ಸಮಾಜದಲ್ಲಿ ಇದು ಸಣ್ಣ ಮಾತಲ್ಲ.

ನನ್ನ ತಕರಾರೂ ಇಲ್ಲೇ ಇದೆ. ಗಂಡಸರಿಬ್ಬರಿಗೂ ಒಂದೊಂದು ಕಥೆ ಸಿಕ್ಕಿತು. ಗುಂಡು ತಗುಲಿ ಸತ್ತ ಆನಾಳಿಗೆ? ಅವಳ ಕಡೆಯಿಂದ ಮೂರನೆಯ ಕಥೆ ಬರುವುದೇ ಇಲ್ಲ. ಇಬ್ಬರ ಮಾತನ್ನೂ ಅನುಮಾನಿಸಲು ಕಲಿಸುವ ಚಿತ್ರ, ಅವಳನ್ನು ಕೇಳಲೇ ಇಲ್ಲವಲ್ಲ ಅನ್ನುವ ಅನುಮಾನವನ್ನು ಮಾತ್ರ ನೋಡುವವರಿಗೇ ಬಿಟ್ಟಿದೆ. 'ಲಾ ಯೊರೋನಾ'ದ ಹೆಣ್ಣಿಗೆ ಅಳುವಾದರೂ ಇತ್ತು.

ಆದ್ದರಿಂದ ಇವನ್ನು ನಕಲು ಅನ್ನುವುದು ಅನ್ಯಾಯ. ಲೋಪವಿಲ್ಲದ ಮೇರುಕೃತಿ ಅನ್ನುವುದೂ ಅವಸರ. ಎರಡು ಕಥೆ ಕೇಳಿ, ಇಲ್ಲದ ಮೂರನೆಯದನ್ನು ಹುಡುಕುತ್ತಾ ನೋಡಿ ಅಂತ ವಿನಂತಿ.