ಅಂತರಗಂಗೆಯ ಸೂರ್ಯನನ್ನು ಬಿಟ್ಟು

ಶನಿವಾರ ರಾತ್ರಿ ಬೆಂಗಳೂರು ಬಿಟ್ಟವರು ಭಾನುವಾರ ನಸುಕಿಗೆ ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳ ಮೇಲೆ ಸಾಲಾಗಿ ಕೂತಿರುತ್ತಾರೆ. ಎಲ್ಲರ ಕ್ಯಾಮೆರಾವೂ ಪೂರ್ವಕ್ಕೆ. ಸೂರ್ಯ ಮೇಲೆ ಬರುವಷ್ಟರಲ್ಲಿ ಅದೇ ಬಂಡೆ, ಅದೇ ಕಿತ್ತಳೆ ಆಕಾಶ, ಕೈ ಚಾಚಿ ನಿಂತ ಅದೇ ಗೆಳೆಯ ಎಲ್ಲರ ಫೋನಿನಲ್ಲೂ ಸೇರಿಕೊಂಡಿರುತ್ತವೆ. ಆಮೇಲೆ ಮುಳಬಾಗಿಲು ದೋಸೆ ತಿಂದು ಮರಳಿ ಹೆದ್ದಾರಿ. ಶತಶೃಂಗ ಶ್ರೇಣಿಯ ಆ ಬಂಡೆಗಳಿಗೂ, ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ಸುರಿಯುವ ನೀರಿಗೂ ನೋಡುವವರನ್ನು ನಿಲ್ಲಿಸುವ ಶಕ್ತಿ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಟ್ಟದ ಮೇಲಿನ ತೇರಹಳ್ಳಿ ಕಡೆಗೆ ಒಬ್ಬರೂ ಲೆನ್ಸ್ ತಿರುಗಿಸುವುದಿಲ್ಲ. ಕೆಳಗಿನ ಊರಿನ ಕಡೆಗಂತೂ ಇಲ್ಲವೇ ಇಲ್ಲ.

ಫೋಟೊಗೆ ವಿಷಯ ಸಿಗುತ್ತಿಲ್ಲ ಎಂದು ಕೊರಗುವವರಿಗೆ ಈ ಜಿಲ್ಲೆಯಲ್ಲಿ ಒಂದು ಸಲೀಸಾದ ದಾರಿಯಿದೆ. ಪ್ರವಾಸಿ ತಾಣಗಳ ಪಟ್ಟಿ ಮಡಿಚಿಟ್ಟು ಯಾವುದಾದರೂ ಒಂದು ಸರಕಿನ ಬೆನ್ನು ಹತ್ತುವುದು. ಟೊಮೆಟೊ, ಮಾವು, ಕಲ್ಲು, ಮಣ್ಣು, ಯಾವುದಾದರೂ ಸರಿ. ಅದು ಹೊಲದಿಂದಲೋ ಕೆರೆಯಿಂದಲೋ ಹೊರಟು ಯಾರ ಕೈ ದಾಟಿ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಯವರೆಗೆ ನಡೆದರೆ ಚಿತ್ರಗಳು ತಾವಾಗಿ ಎದುರಾಗುತ್ತವೆ.

ಟೊಮೆಟೊದಿಂದಲೇ ಶುರುಮಾಡಬಹುದು. ಕೋಲಾರದ ಎಪಿಎಂಸಿ ಪ್ರಾಂಗಣ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 15 ಕಿಲೋ ಹಿಡಿಯುವ ಪ್ಲಾಸ್ಟಿಕ್ ಬಾಕ್ಸ್‌ಗಳು ಗೋಡೆಯ ಹಾಗೆ ಏರಿ ನಿಂತಿರುತ್ತವೆ. ಮೊದಲ ಸಲ ಹೋದವರು ಆ ಕೆಂಪು ಗೋಡೆಯನ್ನೇ ತೆಗೆದು ತೃಪ್ತಿಪಡುತ್ತಾರೆ. ಅದರಲ್ಲೂ ಒಂದು ತೊಡಕಿದೆ: ಡಿಜಿಟಲ್ ಸೆನ್ಸರ್‌ಗೆ ಇಷ್ಟೊಂದು ಕೆಂಪು ಒಟ್ಟಿಗೆ ಸಿಕ್ಕರೆ ಬಣ್ಣ ಹಿಡಿತ ತಪ್ಪಿ, ಹಣ್ಣಿನ ಮೈಯ ಹೊಳಪು, ಗೀರು, ತೊಟ್ಟಿನ ಕುಳಿ ಎಲ್ಲ ಅಳಿಸಿ ಒಂದೇ ಕೆಂಪು ರಾಡಿಯಾಗುತ್ತದೆ. ಎಕ್ಸ್‌ಪೋಷರನ್ನು ಅರ್ಧ, ಮುಕ್ಕಾಲು ಸ್ಟಾಪ್ ಇಳಿಸಿಕೊಂಡರೆ ಹಣ್ಣು ಹಣ್ಣಾಗಿ ಕಾಣುತ್ತದೆ.

ನಿಜವಾದ ಚಿತ್ರ ಇರುವುದು ಹರಾಜಿನಲ್ಲಿ. ಕೂಗುವವನ ಸುತ್ತ ವ್ಯಾಪಾರಿಗಳು ಮುತ್ತಿಕೊಂಡಿರುತ್ತಾರೆ. ಬೆಳೆದವನು ಎರಡು ಹೆಜ್ಜೆ ಹಿಂದೆ ಟವೆಲ್ಲಿನ ತುದಿ ಹಿಡಿದು ನಿಂತಿರುತ್ತಾನೆ. ದರ ಒಂದೊಂದು ಹತ್ತು ರೂಪಾಯಿ ಏರಿದಾಗಲೂ ನಿಂತಾಗಲೂ ಅವನ ಮುಖದಲ್ಲಿ ಏನಾಗುತ್ತದೆ ಎಂದು ಕಾದು ನೋಡಬೇಕು. 2023ರ ಜುಲೈನಲ್ಲಿ ಇದೇ ಅಂಗಳದಲ್ಲಿ ಒಂದು ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಬೆಲೆ ನೆಲ ಕಚ್ಚಿದ ಕಾಲದಲ್ಲಿ ಕೊಯ್ದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದದ್ದನ್ನೂ ಈ ಜಿಲ್ಲೆ ಕಂಡಿದೆ. ಎರಡೂ ಕಾಲದಲ್ಲಿ ಹೋದವರ ಬಳಿ ಮಾತ್ರ ಟೊಮೆಟೊದ ಪೂರ್ತಿ ಕಥೆ ಇರುತ್ತದೆ.

ಕೇಳಿಯೇ ತೆಗೆಯಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎರಡು ಮಾತು ತೆಲುಗು ಬಂದರೆ ಇನ್ನೂ ಒಳ್ಳೆಯದು. "ಅಣ್ಣಾ, ಒಂದು ಫೋಟೊ ತಗೊಳ್ಲಾ?" ಎಂದವರಿಗೆ ಸಾಮಾನ್ಯವಾಗಿ ಫೋಟೊ ಜೊತೆ ಒಂದು ಲೋಟ ಟೀಯೂ ಸಿಗುತ್ತದೆ. ಕೇಳಿದ ಮೇಲೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕ್ಯಾಮೆರಾ ನೋಡುತ್ತಾರೆ ಎಂಬ ದೂರು ಹೊಸಬರದು. ಒಂದು ಗಂಟೆ ಅಲ್ಲೇ ಇದ್ದುಬಿಟ್ಟರೆ ಆ ಕುತೂಹಲ ಕರಗಿ ಜನ ತಮ್ಮ ಪಾಡಿಗೆ ಕೆಲಸಕ್ಕೆ ಇಳಿಯುತ್ತಾರೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶ ಸುತ್ತಿ ತೆಗೆದ ಚಿತ್ರಗಳಲ್ಲಿ ಶಾಲೆಗೆ ಹೊರಟ ಮಕ್ಕಳು, ಸಿಡುಬಿನ ವಿರುದ್ಧ ಊರೂರು ಅಲೆದ ಆರೋಗ್ಯ ಕಾರ್ಯಕರ್ತರು ಎಷ್ಟು ಸಹಜವಾಗಿ ಕಾಣುತ್ತಾರೆಂದರೆ, ಅಲ್ಲೊಬ್ಬ ಕ್ಯಾಮೆರಾ ಹಿಡಿದು ನಿಂತಿದ್ದಾನೆ ಎಂಬುದೇ ಮರೆತುಹೋಗುತ್ತದೆ. 1977ರಲ್ಲಿ ಪದ್ಮಶ್ರೀ ಪಡೆದ ಅವರ ಬಂಡವಾಳ ಸಾಮಾನ್ಯ ಜನ, ಸಾಮಾನ್ಯ ದಿನ.

ಕಲ್ಲಿನ ಹಿಂದೆ ಹೊರಟವರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ತಲುಪುತ್ತಾರೆ. ವಿಶ್ವಕರ್ಮ ಶಿಲ್ಪಿಗಳ ಊರು. ಕಲ್ಲಿನ ವಿಗ್ರಹವೂ ಇಲ್ಲಿ ಆಗುತ್ತದೆ, ಪಂಚಲೋಹದ್ದೂ. ಮುಗಿದ ಮೂರ್ತಿಗಳ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ದಾಟಿ ಮುಂದೆ ಹೋಗುವುದು ವಾಸಿ. ಅರ್ಧ ಕಲ್ಲು ಅರ್ಧ ದೇವರು ಆಗಿರುವ ಹಂತ ಛಾಯಾಗ್ರಾಹಕನಿಗೆ ಹಬ್ಬ: ಭುಜದವರೆಗೆ ನುಣುಪಾಗಿ ಬಂದ ಮೈ, ಅದರ ಕೆಳಗೆ ಉಳಿಯ ಗೆರೆ ಬಿದ್ದ ಒರಟು ಬಂಡೆ, ಎದೆಯ ಮೇಲೆ ಸೀಸದಕಡ್ಡಿಯಲ್ಲಿ ಎಳೆದ ಗುರುತು, ಶಿಲ್ಪಿಯ ರೆಪ್ಪೆಯ ಮೇಲೂ ಬಿಳಿ ಪುಡಿ. ಮೂರ್ತಿಗೆ ಕಣ್ಣು ತೆರೆಸುವ ನೇತ್ರೋನ್ಮೀಲನ ಕೊನೆಗೆ ಆಗುವ ಶಾಸ್ತ್ರವಾದ್ದರಿಂದ, ಇಲ್ಲಿ ನಿಂತ ದೇವರುಗಳಿಗೆ ಇನ್ನೂ ನೋಟ ಬಂದಿರುವುದಿಲ್ಲ. ಕೃಷ್ಣಶಿಲೆಯ ಕಪ್ಪು ಕಂಡಾಗ ಕ್ಯಾಮೆರಾದ ಮೀಟರ್ ಕತ್ತಲೆಯೆಂದು ತಿಳಿದು ಬೆಳಕು ಏರಿಸಿ ಮೂರ್ತಿಯನ್ನು ಬೂದಿ ಬಣ್ಣಕ್ಕೆ ತರುತ್ತದೆ. ಇಲ್ಲೂ ಎಕ್ಸ್‌ಪೋಷರ್ ಇಳಿಸುವುದೇ ಮದ್ದು.

ಅದೇ ಕಲ್ಲು ಸಾವಿರ ವರ್ಷದ ಆಮೇಲೆ ಹೇಗೆ ಕಾಣುತ್ತದೆ ಎಂದು ನೋಡಲು ಮುಳಬಾಗಿಲಿನ ಪಕ್ಕದ ಆವಣಿಗೆ ಹೋಗಬೇಕು. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪಿನಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಗುಡಿಗಳಿವೆ. ಲಕ್ಷ್ಮಣೇಶ್ವರದ ಹೊರಗೋಡೆಯ ಕೆತ್ತನೆ ಮಧ್ಯಾಹ್ನದ ಬಿಸಿಲಲ್ಲಿ ಸಪ್ಪೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಗೋಡೆಗೆ ಓರೆಯಾಗಿ ಒರಸಿಕೊಂಡು ಹೋಗುವಾಗ ಪ್ರತಿ ಬೆರಳಿಗೂ ನೆರಳು ಬರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು, ಕೈಯಲ್ಲಿ ಹಿಡಿದು ತೆಗೆಯುವುದೇ ಸರಳ. ಶಿವರಾತ್ರಿಯ ಹೊತ್ತಿಗೆ ಇಲ್ಲಿ ದನಗಳ ಜಾತ್ರೆ ಸೇರುತ್ತದೆ. ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು ದನದ ಜಾತ್ರೆಗಳ ಹಳೆಯ ಪದ್ಧತಿ. ಒಂದು ಟವೆಲ್, ಎರಡು ಮೊಣಕೈ, ಏನೂ ಹೇಳದ ಎರಡು ಮುಖ. ಅಂಥದ್ದು ಕಣ್ಣಿಗೆ ಬಿದ್ದರೆ ಬಿಡಬಾರದು.

ಶ್ರೀನಿವಾಸಪುರಕ್ಕೆ ಎಲ್ಲರೂ ಹಣ್ಣಿನ ಕಾಲದಲ್ಲಿ, ಮೇ–ಜೂನ್‌ನಲ್ಲಿ ಹೋಗುತ್ತಾರೆ. ಬಾದಾಮಿ, ಬೇನಿಷಾ, ತೋತಾಪುರಿ ರಾಶಿಗಳು ಚೆನ್ನವೇ. ಆದರೂ ಡಿಸೆಂಬರ್, ಜನವರಿಯಲ್ಲಿ ತೋಪುಗಳಿಗೆ ಹೂ ಬಂದಾಗಿನ ಮಂಕು ಬೆಳಗು ಇನ್ನೂ ಮೇಲು. ಗಡಿಯ ರಾಜಕೀಯವೂ ಇಲ್ಲಿ ಫೋಟೊಗೆ ಸಿಗುತ್ತದೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ಪ್ರವೇಶ ನಿಲ್ಲಿಸಿದಾಗ, ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ಬೆಳೆಗಾರರು ಬೀದಿಗಿಳಿದರು.

ಊರೂರ ನಡುವೆ ಕೆರೆಗಳು ಸಿಗುತ್ತವೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ವರ್ಷಗಟ್ಟಲೆ ಒಣಗಿದ್ದ ಎಷ್ಟೋ ಅಂಗಳಗಳು ತುಂಬಿವೆ. ಬೆಳ್ಳಕ್ಕಿ, ಪ್ರತಿಬಿಂಬ, ಮುಳುಗುವ ಸೂರ್ಯ ಎಲ್ಲವೂ ಇವೆ. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಎಂಬುದನ್ನು ಮಾತ್ರ ಫೋಟೊ ಹೇಳುವುದಿಲ್ಲ. ಅಡಿಬರಹ ಹೇಳಬೇಕು. ಅಡಿಬರಹವಿಲ್ಲದ ಸುಂದರ ಕೆರೆ ಅರ್ಧ ಸತ್ಯ.

ಇನ್ನು ಮಣ್ಣು, ಅಂದರೆ ಮಾಲೂರು. ಬೆಂಗಳೂರು–ಬಂಗಾರಪೇಟೆ ಹಳಿಯ ಮೇಲೆ ರೈಲಿನ ಕಿಟಕಿಯಿಂದಲೇ ಹೆಂಚು, ಇಟ್ಟಿಗೆ ಕಾರ್ಖಾನೆಗಳ ಹೊಗೆ ಕೊಳವೆಗಳು ಕಾಣತೊಡಗುತ್ತವೆ. ಸಾಮಾನ್ಯ ಪ್ರಯಾಣಿಕನಿಗೆ ಎಲ್ಲ ಕೊಳವೆಗಳೂ ಒಂದೇ. ಹಾಗಲ್ಲ ಎಂದು ತೋರಿಸಿದವರು ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಕರ್ ದಂಪತಿ. 1959ರಿಂದ ದಶಕಗಟ್ಟಲೆ ಅವರು ನೀರಿನ ಟ್ಯಾಂಕು, ಕುಲುಮೆ, ಗಣಿಗೋಪುರಗಳನ್ನು ಮೋಡ ಕವಿದ ಬೆಳಕಲ್ಲಿ, ನೇರ ಎದುರಿಂದ, ಕಪ್ಪುಬಿಳುಪಿನಲ್ಲಿ ತೆಗೆದು ಒಂದೇ ಜಾತಿಯವನ್ನು ಸಾಲಾಗಿ ಜೋಡಿಸಿಟ್ಟರು. ಪಕ್ಕಪಕ್ಕ ಇಟ್ಟಾಗಲೇ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. 1990ರಲ್ಲಿ ವೆನಿಸ್ ಬಿನಾಲೆ ಅವರ ಫೋಟೊಗಳಿಗೆ ಬಹುಮಾನ ಕೊಟ್ಟದ್ದು ಶಿಲ್ಪಕಲೆಯ ವಿಭಾಗದಲ್ಲಿ!

ಆ ಕೆಲಸ ಮಾಲೂರಿನಲ್ಲಿ ಮೊಬೈಲ್ ಫೋನಿನಲ್ಲೂ ಆಗುತ್ತದೆ. ಕೊಳವೆಗಳು, ಗೂಡಿನ ಬಾಯಿಗಳು, ಹೆಂಚು ಒಣಹಾಕುವ ಅಟ್ಟಗಳು, ಹೆಂಚಿನ ಬೆನ್ನಿಗೆ ಅಚ್ಚೊತ್ತಿದ ಕಾರ್ಖಾನೆಗಳ ಹೆಸರುಗಳು; ಯಾವುದಾದರೂ ಒಂದನ್ನು ಹಿಡಿದು, ಪ್ರತಿ ಕಾರ್ಖಾನೆಯಲ್ಲೂ ಅದನ್ನೇ, ಅದೇ ದೂರದಿಂದ ತೆಗೆಯುತ್ತ ಹೋಗಬೇಕು. ತಾರಸಿ ಮನೆ, ತಗಡಿನ ಶೀಟುಗಳು ಬಂದ ಮೇಲೆ ಹೆಂಚಿಗೆ ಮೊದಲಿನ ಬೇಡಿಕೆಯಿಲ್ಲ. ಉರಿ ಆರಿದ ಗೂಡಿನ ಜಾಗ ಬಡಾವಣೆಯಾಗಲು ಬೆಂಗಳೂರಿನ ಮಗ್ಗುಲಲ್ಲಿ ಹೆಚ್ಚು ಕಾಲ ಹಿಡಿಯುವುದಿಲ್ಲ. ಮಾಲೂರು, ಕೋಲಾರದ ಕಾಲೇಜು ಹುಡುಗ ಹುಡುಗಿಯರು ಈ ವರ್ಷವೇ ಇದನ್ನು ಕೈಗೆತ್ತಿಕೊಳ್ಳಲಿ. ಕಾರ್ಖಾನೆಯ ಹೆಸರು, ತಾರೀಖು ಎರಡನ್ನೂ ಪ್ರತಿ ಚಿತ್ರದ ಜೊತೆ ಬರೆದಿಡಲಿ.