ಅನುಕರಣವೋ ಪ್ರತಿರೂಪವೋ?

ವ್ಯವಹಾರದ ಒಂದು ಕ್ರಮವನ್ನು ಗಣಕಯಂತ್ರದೊಳಗೆ ನಡೆಯಿಸಿ ನೋಡಿ, ಅದರ ದೋಷಗಳನ್ನರಿತು ತಿದ್ದುವ ವಿದ್ಯೆಗೆ ಸಿಮ್ಯುಲೇಷನ್ ಎಂದು ಹೆಸರು. ಇದನ್ನು ಕನ್ನಡದಲ್ಲಿ 'ಅನುಕರಣ'ವೆನ್ನುವುದುಂಟು. ಅಲಂಕಾರಶಾಸ್ತ್ರದಲ್ಲಿ ಈ ಶಬ್ದವು ದೊಡ್ಡದೊಂದು ವಿವಾದಕ್ಕೆ ಆಸ್ಪದವಾದುದು. ಆ ವಿವಾದವನ್ನು ಮರೆತು ಶಬ್ದವನ್ನು ಮಾತ್ರ ಎತ್ತಿಕೊಂಡರೆ ಅರ್ಥಹಾನಿಯೊಡನೆ ಲೋಕಹಾನಿಯೂ ಸಂಭವಿಸೀತು.

ವಿದ್ಯೆಯ ಪ್ರಯೋಜನವು ನಿರ್ವಿವಾದವಾದುದು. 1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗನು ದೂರವಾಣಿಯ ಕರೆಗಳ ಬರವನ್ನು ಗಣಿತಕ್ಕೆ ಒಳಪಡಿಸಿದನು. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ಎಂಬವರು ಇಂತಹ ಪ್ರತಿರೂಪಗಳಿಗಾಗಿಯೇ ಸಿಮುಲಾ ಎಂಬ ಯಂತ್ರಭಾಷೆಯನ್ನು ರಚಿಸಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ಅಡಕೆಯ ಮಾರಾಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವು 1923ರಲ್ಲಿಯೇ ಹುಟ್ಟಿತು. ಚಾಲಿಯಾಗಲಿ ಕೆಂಪಡಕೆಯಾಗಲಿ ಅಂಗಳಕ್ಕೆ ಬಂದ ಮೇಲೆ ತೂಕ, ರಾಶಿ, ವ್ಯಾಪಾರಿಗಳ ಟೆಂಡರು, ಬೆಳೆಗಾರನ ಒಪ್ಪಿಗೆ, ಹಣ ಎಂದು ಕ್ರಮವು ಸಾಗುತ್ತದೆ. ಗಾಡಿಗಳು ಬರುವ ಹೊತ್ತೂ ತೂಗಲು ಹಿಡಿಯುವ ಹೊತ್ತೂ ಅನಿಯತವಾಗಿದ್ದು, ತಕ್ಕಡಿಯು ಗಂಟೆಗೆ ಸರಾಸರಿ 10 ಗಾಡಿಗಳನ್ನು ತೂಗಬಲ್ಲುದೆಂದು ಕಲ್ಪಿಸಿದರೆ, ಗಂಟೆಗೆ 8 ಗಾಡಿಗಳು ಬಂದಾಗ ಒಂದೊಂದು ಗಾಡಿಯೂ ಅಲ್ಲಿ ಕಳೆಯುವ ಕಾಲವು ಸರಾಸರಿ 30 ನಿಮಿಷ. 9 ಬಂದಾಗ 60 ನಿಮಿಷ. ಒಂದೇ ಗಾಡಿಯು ಹೆಚ್ಚಿದುದಕ್ಕೆ ಕಾಲವು ಇಮ್ಮಡಿಯಾಗುವುದು ಬರಿಯ ಊಹೆಗೆ ಹೊಳೆಯತಕ್ಕುದಲ್ಲ.

ನಟನಲ್ಲಿ ರಾಮಬುದ್ಧಿಯು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ. ಚಿತ್ರದ ಕುದುರೆಯನ್ನು ಕಂಡು 'ಇದು ಕುದುರೆ' ಎಂಬಂತಹ ಪ್ರತೀತಿಯದು ಎಂಬುದು ಶ್ರೀಶಂಕುಕನ ಮತ. ಯಂತ್ರದೊಳಗಣ ಅಂಗಳಕ್ಕೂ ಈ ಮಾತು ಸಲ್ಲುತ್ತದೆ. ಆದರೆ ಅಭಿನವಗುಪ್ತನ ಗುರುವಾದ ಭಟ್ಟತೌತನ ಆಕ್ಷೇಪವು ಇನ್ನೂ ಆಳವಾದುದು. ಹಾಲು ಕುಡಿದು ಸುರಾಪಾನವನ್ನು ಅನುಕರಿಸಬಹುದು, ಏಕೆಂದರೆ ಪಾನಕ್ರಿಯೆಯು ಕಣ್ಣಿಗೆ ಕಂಡುದು. ಮನಸ್ಸಿನೊಳಗಣ ಭಾವವನ್ನು ಕಂಡವರಾರು? ಕಾಣದುದನ್ನು ಅನುಕರಿಸುವ ಬಗೆ ಎಂತು?

ಅಂಗಳದಲ್ಲಿ ಕಾಯುವಿಕೆಯು ಎರಡು ಬಗೆಯದು. ತಕ್ಕಡಿಯ ಮುಂದೆ ಕಾಯುವುದು ಕೇವಲ ನಷ್ಟ. ಟೆಂಡರಿನ ದರವನ್ನು ಕೇಳಿದ ಬೆಳೆಗಾರನು ಕೊಡಲೋ ಬೇಡವೋ ಎಂದು ನಿಲ್ಲುವುದು ವಿವೇಕ. ಚೆನ್ನಾಗಿ ಒಣಗಿದ ಚಾಲಿಯು ಕೆಡದೆ ಉಳಿಯುವುದರಿಂದ, ಮಾರದೆ ಹಿಂದಿರುಗುವುದೂ ಒಂದು ವ್ಯಾಪಾರವೇ. ಗಡಿಯಾರಕ್ಕೆ ಈ ಎರಡೂ ಒಂದೇ. ನಿಮಿಷಗಳನ್ನು ಮಾತ್ರ ಬಲ್ಲ ಪ್ರತಿರೂಪವು ಮೊದಲನೆಯದರ ಜೊತೆಗೆ ಎರಡನೆಯದನ್ನೂ ವಿಳಂಬವೆಂದು ಕತ್ತರಿಸೀತು. ಆಗ ಕ್ರಮವು ತ್ವರಿತವಾಗುವುದು, ಬೆಳೆಗಾರನ 'ಒಲ್ಲೆ' ಎಂಬ ಮಾತಿಗೆ ಎಡೆಯಿಲ್ಲದಾಗುವುದು.

ಆದುದರಿಂದ 'ಅನುಕರಣ'ಕ್ಕಿಂತ 'ಪ್ರತಿರೂಪ'ವೆಂಬ ಶಬ್ದವೇ ಯುಕ್ತವು. ಅನುಕರಣವೆಂದರೆ ಮೂಲದ ಕ್ರಿಯೆಯನ್ನೇ ಮತ್ತೆ ಮಾಡಿದೆನೆಂಬ ಅಭಿಮಾನವಿದೆ; ಪ್ರತಿರೂಪವು ರೂಪವನ್ನಷ್ಟೇ ತೋರಿಸುವೆನೆಂದು ಒಪ್ಪಿಕೊಳ್ಳುತ್ತದೆ. ಚಿತ್ರದ ಕುದುರೆಯಿಂದ ಅಶ್ವಲಕ್ಷಣವನ್ನು ಕಲಿಯಬಹುದು. ಸವಾರಿಗೆ ಲಾಯಕ್ಕೇ ಹೋಗತಕ್ಕುದು.