ಕಾನಿ ಕನ್ವರ್ಸ್: ಮೊದಲು ಹಾಡು, ಆಮೇಲೆ ಕಥೆ

ಹೆಸರು ಮಾಡದೆ ಉಳಿದ ಗಾಯಕಿಯರನ್ನು ಹುಡುಕಿ ಕೇಳುವ ಉತ್ಸಾಹ ಕಳೆದ ಎರಡು ದಶಕಗಳಲ್ಲಿ ಪಶ್ಚಿಮದ ಕೇಳುಗರಲ್ಲಿ ಚೆನ್ನಾಗಿಯೇ ಬೆಳೆದಿದೆ. ನಮ್ಮ ಸುಗಮ ಸಂಗೀತದಲ್ಲಿ ಕವಿತೆ ನಿಸಾರ್ ಅಹಮದರದು, ರಾಗ ಮೈಸೂರು ಅನಂತಸ್ವಾಮಿಯವರದು ಎಂದು ಕೆಲಸ ಹಂಚಿಹೋಗುತ್ತದೆ. ಈ ಗಾಯಕಿಯರು ಹಾಗಲ್ಲ, ತಾವೇ ಬರೆದು, ತಾವೇ ಧಾಟಿ ಕಟ್ಟಿ, ತಾವೇ ಹಾಡಿದವರು. ಅವರಲ್ಲಿ ನನಗೆ ಬಹಳ ಮುಖ್ಯಳೆನಿಸುವವಳು ಅಮೆರಿಕದ ಕಾನಿ ಕನ್ವರ್ಸ್. ಆಕೆಯ ಮಾತು ಬಂದಲ್ಲೆಲ್ಲ ಮೊದಲು ಬರುವುದು 1974ರ ಆಗಸ್ಟ್. ಐವತ್ತು ತುಂಬಿದ ಆ ತಿಂಗಳಲ್ಲಿ ಆಪ್ತರಿಗೆ ಪತ್ರ ಬರೆದು, ತನ್ನ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಹೊರಟವಳು ಮತ್ತೆಂದೂ ಪತ್ತೆಯಾಗಲಿಲ್ಲ. ಘಟನೆ ನಿಜ, ಸಂಕಟದ್ದೂ ಹೌದು. ಆದರೆ ಹಾಡಿನ ಬಾಗಿಲಲ್ಲೇ ಅದನ್ನು ನಿಲ್ಲಿಸಿದರೆ ಒಬ್ಬ ದೊಡ್ಡ ರಚನಕಾರ್ತಿ ನಮ್ಮ ಕಿವಿಗೆ ಬರಿಯ ಕಾಣೆಯಾದ ಹೆಂಗಸಾಗಿಬಿಡುತ್ತಾಳೆ. ಇದು ಅನ್ಯಾಯವೆಂಬುದು ನನ್ನ ವಾದ.

1924ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಹುಟ್ಟಿದ ಕಾನಿ ಮೌಂಟ್ ಹೋಲಿಯೋಕ್ ಕಾಲೇಜನ್ನು ಅರ್ಧಕ್ಕೆ ಬಿಟ್ಟು ನ್ಯೂಯಾರ್ಕ್ ಸೇರಿದಳು. ಮುಂದೆ ಟಾಮ್ ಅಂಡ್ ಜೆರ್ರಿಯ ಕೆಲವು ಚಿತ್ರಗಳನ್ನು ನಿರ್ದೇಶಿಸಿದ ಜೀನ್ ಡೈಚ್ 1954ರಲ್ಲಿ ತನ್ನ ಮನೆಯಲ್ಲೇ ಟೇಪ್ ರೆಕಾರ್ಡರ್ ಇಟ್ಟು ಆಕೆಯ ಹಾಡುಗಳನ್ನು ಮುದ್ರಿಸಿಕೊಂಡ. ಅದೇ ವರ್ಷ ಸಿಬಿಎಸ್ ಟಿವಿಯಲ್ಲಿ ಒಮ್ಮೆ ಹಾಡಿದಳು. ಯಾವ ಕಂಪನಿಯೂ ಆಕೆಯ ರೆಕಾರ್ಡ್ ತರಲಿಲ್ಲ. 1961ರಲ್ಲಿ, ಬಾಬ್ ಡಿಲನ್ ನ್ಯೂಯಾರ್ಕಿಗೆ ಬಂದ ವರ್ಷವೇ, ಆಕೆ ಊರು ಬಿಟ್ಟು ಆ್ಯನ್ ಆರ್ಬರಿಗೆ ಹೋಗಿ ಮುಂದೆ ಒಂದು ವಿದ್ವತ್ ಪತ್ರಿಕೆಯ ಸಂಪಾದಕಿಯಾದಳು. 2004ರಲ್ಲಿ ಡೈಚ್ ತನ್ನ ಹಳೆಯ ಟೇಪನ್ನು ನ್ಯೂಯಾರ್ಕಿನ ರೇಡಿಯೋದಲ್ಲಿ ಕೇಳಿಸಿದ. 2009ರಲ್ಲಿ ‘ಹೌ ಸ್ಯಾಡ್, ಹೌ ಲವ್ಲಿ’ ಸಂಕಲನ ಹೊರಬಂತು.

ಅದರೊಳಗಿನ ‘ಟಾಕಿಂಗ್ ಲೈಕ್ ಯೂ’ ಹಾಡನ್ನೇ ನೋಡಿ. ಎರಡು ಎತ್ತರದ ಬೆಟ್ಟಗಳ ನಡುವಿನ ಒಂದು ಜಾಗಕ್ಕೆ ಒಂಟಿತನದ ಹೆಸರಿದೆ. ಹಾಡುವವಳು ಆ ಹೆಸರನ್ನು ಒಪ್ಪುವುದಿಲ್ಲ. ಅಡುಗೆಮನೆ ಬಾಗಿಲಲ್ಲಿ ಹರಿಯುವ ತೊರೆ ತನ್ನ ಜೊತೆಗಾರನಷ್ಟೇ ಮಾತುಗಾರ, ಮರದ ಮೇಲಿನ ಅಳಿಲಿನಂಥದ್ದೊಂದರ ಸದ್ದು ತಮ್ಮಿಬ್ಬರ ಜಗಳದ ಹಾಗೇ ಇದೆ, ಅಂಗಳದ ಹಂದಿಗಳು ಅವನಂತೆಯೇ ಊಟದ ಹೊತ್ತಿಗೆ ಹಾಜರು. ನಗುತ್ತಲೇ ಕೇಳುತ್ತೇವೆ. ಅವನು ಬಿಟ್ಟುಹೋಗಿದ್ದಾನೆ ಎಂಬ ಮಾತು ಬಾಯಿಗೆ ಬರುವುದು ತೀರ ಕೊನೆಯಲ್ಲಿ. ಬಂದೊಡನೆ ಹಿಂದಿನ ತಮಾಷೆಯೆಲ್ಲ ಬಣ್ಣ ಬದಲಿಸುತ್ತದೆ. ದುಃಖವೆಂಬ ಪದವನ್ನೇ ಮುಟ್ಟದೆ ದುಃಖವನ್ನು ಕಟ್ಟುವ ಈ ಹಿಡಿತ ಅಭ್ಯಾಸವಿಲ್ಲದ ಕೈಗೆ ಒದಗುವಂಥದ್ದಲ್ಲ. ಗಿಟಾರ್ ಕೂಡ ಬರಿಯ ತಾಳ ಹಿಡಿಯುತ್ತ ಕೂರುವುದಿಲ್ಲ. ದನಿಯ ಪಕ್ಕದಲ್ಲಿ ತನ್ನದೇ ನಡೆಯಲ್ಲಿ ಸಾಗುತ್ತದೆ. ಆ ಕಾಲದ ಜಾನಪದ ಧಾಟಿಯ ಹಾಡುಗಳು ಮೂರು ನಾಲ್ಕು ಕಾರ್ಡ್‌ಗಳಲ್ಲಿ ತೃಪ್ತವಾಗಿದ್ದಾಗ ಕಾನಿಯ ಸ್ವರಮೇಳ ಎಣಿಸದ ಕಡೆ ತಿರುಗುತ್ತದೆ. ‘ರೋವಿಂಗ್ ವುಮನ್’ ಹಾಡಿನಲ್ಲಿ ಮದ್ಯದಂಗಡಿಗೆ, ಜೂಜಿಗೆ ಹೋದ ಹೆಣ್ಣನ್ನು ಪ್ರತಿಸಲವೂ ಯಾರಾದರೊಬ್ಬರು ಮನೆ ಸೇರಿಸುತ್ತಾರೆ. ಊರಿನ ನೀತಿಮಾತನ್ನು ಇಷ್ಟು ಹಗುರಾಗಿ ಎತ್ತಿ ಕೆಳಗಿಟ್ಟ ಹಾಡುಗಳು ಐವತ್ತರ ದಶಕದಲ್ಲಿ ವಿರಳ.

ಎಲ್ಲವೂ ಇದೇ ಮಟ್ಟದ್ದಲ್ಲ. ಕೆಲವೆಡೆ ಪ್ರಾಸದ ಜಾಣತನ ಭಾವಕ್ಕಿಂತ ಮುಂದೆ ಓಡುತ್ತದೆ, ದನಿಯ ಹರವು ಕಿರಿದು, ಟೇಪಿನ ಗೊರಗೊರ ಉದ್ದಕ್ಕೂ ಇದೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಕನಿಕರದಿಂದ ಎಲ್ಲವನ್ನೂ ಹೊಗಳುವುದು ಆಕೆಯನ್ನು ಗಂಭೀರವಾಗಿ ತೆಗೆದುಕೊಳ್ಳದ ಇನ್ನೊಂದು ಬಗೆ, ಅಷ್ಟೆ.

ಕಥೆಯಿಲ್ಲದಿದ್ದರೆ ಈ ಹಾಡುಗಳನ್ನು ಯಾರು ಕೇಳುತ್ತಿದ್ದರು ಎಂಬ ಆಕ್ಷೇಪಕ್ಕೆ ಬಲವಿದೆ. ಗದ್ದಲದ ಮಾರುಕಟ್ಟೆಯಲ್ಲಿ ಕಥೆಯೇ ಎಷ್ಟೋ ಜನರನ್ನು ಕರೆತಂದಿದೆ. ಆದರೆ 1954ರಲ್ಲಿ ಡೈಚ್ ಟೇಪ್ ತಿರುಗಿಸಿದಾಗ ಕಣ್ಮರೆಯ ಕಥೆ ಹುಟ್ಟಿಯೇ ಇರಲಿಲ್ಲ. ಆ ಟೇಪು ಐವತ್ತು ವರ್ಷ ಉಳಿದದ್ದು ಹಾಡು ಚೆನ್ನಾಗಿತ್ತೆಂಬ ಕಾರಣಕ್ಕೆ. ಬದುಕಿನ ಒಂಟಿತನವೇ ಹಾಡುಗಳಲ್ಲಿಯೂ ಇದೆಯಲ್ಲ ಎನ್ನುವವರೂ ಇದ್ದಾರೆ. ಇಪ್ಪತ್ತು ವರ್ಷ ಮೊದಲಿನ ಹಾಡಿನಲ್ಲಿ 1974ನ್ನು ಹುಡುಕಿದರೆ ಪ್ರತಿ ಅಗಲಿಕೆಯೂ ಮುನ್ಸೂಚನೆಯಂತೆ ಕಂಡೀತು. ‘ಟಾಕಿಂಗ್ ಲೈಕ್ ಯೂ’ದಲ್ಲಿ ಹೊರಟುಹೋದವನು ಅವನು, ಅವಳು ಮನೆಯಲ್ಲೇ ಇದ್ದಾಳೆ. ಗಾಯಕ ನಿಕ್ ಡ್ರೇಕ್‌ನಂಥ ಗಂಡಸರ ಸುತ್ತಲೂ ಇಂಥ ದಂತಕಥೆ ಹಬ್ಬಿಲ್ಲವೆ ಎಂದರೆ, ಹಬ್ಬಿದೆ. ಆದರೆ ಅವನ ಗಿಟಾರ್ ಶ್ರುತಿಗಳ ಬಗ್ಗೆ ನಡೆದಷ್ಟು ಚರ್ಚೆ ಕಾನಿಯ ಸ್ವರಮೇಳದ ಬಗ್ಗೆ ನಡೆದಿಲ್ಲ. ಹೊವರ್ಡ್ ಫಿಶ್‌ಮನ್ 2023ರಲ್ಲಿ ಬರೆದ ಜೀವನಚರಿತ್ರೆ ಆಕೆಯನ್ನು ಸಂಗೀತಗಾರ್ತಿಯಾಗಿ ನೋಡುತ್ತದೆ ಎಂಬುದು ಸಮಾಧಾನದ ಸಂಗತಿ.

ಬ್ರಿಟನ್ನಿನ ಗಾಯಕಿ ವಾಷ್ಟಿ ಬನ್ಯನ್‌ಳದೂ ಇದೇ ಪಾಡು. ಕುದುರೆಗಾಡಿಯಲ್ಲಿ ಸ್ಕಾಟ್ಲೆಂಡಿನತ್ತ ಹೋದ ಕಥೆ ಮತ್ತು 1970ರ ಮೊದಲ ಆಲ್ಬಮ್ ಎಲ್ಲರಿಗೂ ಗೊತ್ತು. ಅರವತ್ತು ದಾಟಿದ ಮೇಲೆ ಬಹುಪಾಲು ತಾನೇ ಮುದ್ರಿಸಿ 2014ರಲ್ಲಿ ಹೊರತಂದ ‘ಹಾರ್ಟ್‌ಲೀಪ್’ ಅದಕ್ಕಿಂತ ಪಕ್ವವಾದ ಕೆಲಸವೆಂದು ನನಗನ್ನಿಸುತ್ತದೆ, ಆದರೆ ಅದರ ಮಾತು ಕಡಿಮೆ. ಕಾನಿಯನ್ನು ಹೊಸದಾಗಿ ಕೇಳಹೊರಟವರು ‘ಟಾಕಿಂಗ್ ಲೈಕ್ ಯೂ’, ‘ಒನ್ ಬೈ ಒನ್’ ಎರಡನ್ನೂ ನಾಲ್ಕಾರು ಸಲ ಕೇಳಿ. ಆಮೇಲೆ ಆಕೆ ಪಿಯಾನೋಗೆಂದು ಬರೆದ ಹಾಡುಗಳನ್ನು ಹುಡುಕಿ. ಜೀವನಚರಿತ್ರೆಯನ್ನು ಅದಾದ ಮೇಲೆ ತೆರೆಯಿರಿ.